ಕಮಾನಿನ ತುದಿಯ ಉಯ್ಯಾಲೆ

ಶ್ರೀನಿವಾಸಪುರ ತಾಲ್ಲೂಕಿನ ಆ ಹಳ್ಳಿಯಲ್ಲಿ ಟೊಮೆಟೊ ಬೆಳೆಯುವವರೂ ಬಹಳ, ಅದನ್ನು ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಸಾಗಿಸುವ ಪಿಕಪ್ ಗಾಡಿಗಳೂ ಬಹಳ. ಅಂಥದೊಂದು ಗಾಡಿಯ ಯಜಮಾನನಿಗೆ ಎರಡು ಬಗೆಯ ಹೊರೆ. ಬೆಳಗಿನ ಜಾವ, ಒಂದೊಂದೂ 15 ಕಿಲೋ ತೂಗುವ ಎಂಬತ್ತು ಬಾಕ್ಸು ಟೊಮೆಟೊ. ಹದಿನೈದು ದಿನಕ್ಕೊಮ್ಮೆ, ಮುಂದಿನ ಸೀಟಿನಲ್ಲಿ, ಅವನ ತಾಯಿ.

ತಾಯಿಗೆ ಎಪ್ಪತ್ತು ದಾಟಿದೆ. ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು. ವಯಸ್ಸಾದ ಮೇಲೆ ಮೂಳೆ ಟೊಳ್ಳಾಗುತ್ತದೆ, ಕುಲುಕಾಟ ಕೂಡದು ಎಂದು ಡಾಕ್ಟರು ಹೇಳಿದ್ದರು. ಹೇಳುವುದೇನೋ ಸುಲಭ. ಬಸ್ಸಿನ ಮೆಟ್ಟಿಲು ಹತ್ತಲು ಆಕೆಗೆ ಆಗದು, ಪ್ರತಿಸಲ ಬಾಡಿಗೆ ಕಾರು ಕರೆಸಲು ಇವನಿಗೆ ಆಗದು. ಟೊಮೆಟೊ ಇಳಿಸಿ ಬಂದು, ಖಾಲಿ ಗಾಡಿಯಲ್ಲಿ ಆಕೆಯನ್ನು ಕೂರಿಸಿಕೊಂಡು ಹೋಗುವುದೇ ವಾಡಿಕೆಯಾಯಿತು. ಹಳ್ಳಿಯಿಂದ ಡಾಂಬರು ರಸ್ತೆ ಸೇರುವ ತನಕ ಇರುವ ಒಂದೊಂದು ಹಳ್ಳವೂ ಆಕೆಗೆ ಬಾಯಿಪಾಠ. ಹಳ್ಳ ಬರುವ ಮೊದಲೇ ಕಣ್ಣು ಮುಚ್ಚಿ, ಎದುರಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯುತ್ತಿದ್ದರು. ಮೂರು ತಿಂಗಳು ಕಳೆಯುವಷ್ಟರಲ್ಲಿ “ಈ ಗಾಡಿಗಿಂತ ಬೆನ್ನು ನೋವೇ ವಾಸಿ ಕಣಪ್ಪ” ಎಂದು ಹೊರಡುವುದನ್ನೇ ನಿಲ್ಲಿಸಿದರು. ಎರಡು ಸಲ ಆಸ್ಪತ್ರೆ ತಪ್ಪಿತು.

ಮಗನಿಗೆ ಅದು ಚುಚ್ಚಿತು. ಟೀ ಅಂಗಡಿಯಲ್ಲಿ ವಿಷಯ ತೆಗೆದ. ಸಲಹೆಗಳಿಗೆ ನಮ್ಮ ದೇಶದಲ್ಲಿ ಬರವೆಲ್ಲಿಯದು? ಹಿಂದುಗಡೆ ಮರಳಿನ ಚೀಲ ಹೇರು ಎಂದ ಒಬ್ಬ. ಇದರಲ್ಲಿ ವಿಜ್ಞಾನವಿಲ್ಲದೆ ಇಲ್ಲ. ಸ್ಪ್ರಿಂಗಿನ ಮೇಲಿನ ತೂಕ ನಾಲ್ಕು ಪಟ್ಟಾದರೆ ಅದು ಕುಣಿಯುವ ವೇಗ ಅರ್ಧಕ್ಕಿಳಿಯುತ್ತದೆ. ಖಾಲಿ ಗಾಡಿ ಕುಪ್ಪಳಿಸುವುದು, ತುಂಬಿದ ಗಾಡಿ ತೂಗುವುದು ಇದಕ್ಕೇ. ಹತ್ತು ಚೀಲ ಹೇರಿ ನೋಡಿದ. ಕುಪ್ಪಳಿಕೆ ಸ್ವಲ್ಪ ತಗ್ಗಿತು, ಏಟು ತಗ್ಗಲಿಲ್ಲ. ಕಮಾನಿನ ಒಂದು ಪಟ್ಟಿ ಬಿಚ್ಚಿಬಿಡು ಎಂದ ಇನ್ನೊಬ್ಬ. ಬಿಚ್ಚಿದರೆ ಮರುದಿನ ಹನ್ನೆರಡು ಕ್ವಿಂಟಲ್ ಟೊಮೆಟೊ ಹೊರುವವರು ಯಾರು? ಉದ್ದನೆಯ ಶ್ಯಾಕಲ್ ಹಾಕಿಸು, ಕಾರಿನ ಹಾಗೆ ಹೋಗುತ್ತದೆ ಎಂದ ಮೂರನೆಯವ.

ಕೊನೆಗೆ ಗಾಡಿ ಬಂದು ನಿಂತದ್ದು ಲೇತ್ ಅಂಗಡಿಯ ಪಕ್ಕದ ಒಬ್ಬ ಹಳೆಯ ಮೆಕ್ಯಾನಿಕ್ಕಿನ ಮುಂದೆ. ಆತ ಮೊದಲು ಕೇಳಿದ್ದೇ ಬೇರೆ: “ಹಿಂದಿನ ಸಾಲಿನ ಬಾಕ್ಸಲ್ಲಿ ಹಣ್ಣು ಜಾಸ್ತಿ ಒಡೀತಾವಾ?” ಹೌದು, ಒಡೆಯುತ್ತಿದ್ದವು. ಮಂಡಿಯವರು ಗೊಣಗುತ್ತಲೇ ಇದ್ದರು. ಅದು ಹಣ್ಣಿನ ದೋಷವೆಂದು ಇವನು ತಿಳಿದಿದ್ದ.

ಮೆಕ್ಯಾನಿಕ್ ಗಾಡಿಯ ಕೆಳಗೆ ತೂರಿ, ಹಿಂದಿನ ಕಮಾನಿನ ತುದಿಯಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ. ಅರ್ಧ ಗೆರೆ ಶ್ಯಾಕಲ್ಲಿನ ಮೇಲೆ, ಇನ್ನರ್ಧ ಅದು ತೂಗುಬಿದ್ದಿರುವ ಚಾಸಿಯ ಕೊಂಡಿಯ ಮೇಲೆ. ಆಮೇಲೆ ನಾಲ್ಕು ಹುಡುಗರನ್ನು ಹಿಂದೆ ಹತ್ತಿಸಿ ಕುಣಿಯಲು ಹೇಳಿದ. ಹುಡುಗರು ಕುಣಿದರು. ಗೆರೆ ಗೆರೆಯಾಗಿಯೇ ಉಳಿಯಿತು. “ಕಾಯಿಲೆ ಇಲ್ಲಿದೆ” ಎಂದ.

ಶ್ಯಾಕಲ್ ಎಂದರೆ ದೊಡ್ಡ ಯಂತ್ರವೇನಲ್ಲ. ಗೇಣುದ್ದವೂ ಇಲ್ಲದ ಎರಡು ಉಕ್ಕಿನ ತಟ್ಟೆ, ಎರಡು ಬೋಲ್ಟು, ಒಳಗೆ ರಬ್ಬರಿನ ಬುಷ್ಷು. ಕಮಾನುಪಟ್ಟಿಯ ಮುಂದಿನ ಕಣ್ಣು ಚಾಸಿಗೆ ನೇರವಾಗಿ ಸಿಕ್ಕಿಕೊಂಡಿದ್ದರೆ, ಹಿಂದಿನ ಕಣ್ಣು ಈ ಶ್ಯಾಕಲ್ಲಿನ ಮೂಲಕ ಉಯ್ಯಾಲೆಯಂತೆ ತೂಗುತ್ತಿರುತ್ತದೆ. ಯಾಕೆ ತೂಗಬೇಕು? ಮಕ್ಕಳ 30 ಸೆಂಟಿಮೀಟರಿನ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಮೇಜಿನ ಮೇಲಿಟ್ಟು, ಎರಡೂ ತುದಿ ಒತ್ತಿ, ನಡು ಮೂರು ಸೆಂಟಿಮೀಟರ್ ಮೇಲೇಳುವಂತೆ ಬಾಗಿಸಿ ನೋಡಿ. ತುದಿಗಳು ಸುಮಾರು 8 ಮಿಲಿಮೀಟರ್ ಹತ್ತಿರ ಬಂದಿರುತ್ತವೆ. ಈಗ ನಡುವನ್ನು ಕೆಳಕ್ಕೆ ಅದುಮಿ. ತುದಿಗಳು ಆ 8 ಮಿಲಿಮೀಟರನ್ನು ವಾಪಸು ಕೇಳುತ್ತವೆ. ಕೊಡದೆ ಎರಡೂ ತುದಿಗೆ ಪುಸ್ತಕದ ಕಟ್ಟು ಒತ್ತಿಟ್ಟರೆ ಪಟ್ಟಿ ಮಣಿಯುವುದೇ ಇಲ್ಲ. ಇಡೀ ಬಲ ಪುಸ್ತಕಗಳಿಗೇ ಹೋಗುತ್ತದೆ. ಗಾಡಿಯ ಕಮಾನು ಇದೇ ಪಟ್ಟಿಯ ತಲೆಕೆಳಗಾದ ರೂಪ. ನಾಲ್ಕಡಿ ಉದ್ದದ ಕಮಾನು ಪೂರ್ತಿ ಚಪ್ಪಟೆಯಾಗುವಾಗ ಅಂಗುಲಕ್ಕಿಂತ ಹೆಚ್ಚು ಜಾಗ ಕೇಳಬಹುದು. ಆ ಜಾಗ ಕೊಡುವುದೇ ಶ್ಯಾಕಲ್ಲಿನ ಕೆಲಸ. ಅದು ಜಾಮಾಗಿ ನಿಂತರೆ ಹಳ್ಳದ ಏಟು ಕಮಾನಿನಲ್ಲಿ ಕರಗದೆ ಚಾಸಿಗೆ, ಚಾಸಿಯಿಂದ ಸೀಟಿಗೆ, ಸೀಟಿನಿಂದ ಬೆನ್ನಿಗೆ.

ಹಾಕಿದ ಭಾರದಷ್ಟೇ ಸ್ಪ್ರಿಂಗು ಮಣಿಯುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಹೈಸ್ಕೂಲಿನಲ್ಲಿ ಎಲ್ಲರೂ ಉರು ಹೊಡೆದದ್ದೇ. ಸ್ಪ್ರಿಂಗು ಮಣಿಯಲು ಜಾಗವಿದ್ದರೆ ಎಂಬ ಷರತ್ತನ್ನು ಮಾತ್ರ ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ.

ಜಾಮಾದದ್ದು ಹೇಗೆ? ಈ ಪ್ರಶ್ನೆಗೆ ಬಂದ ಉತ್ತರ ಯಜಮಾನನನ್ನು ಪೆಚ್ಚಾಗಿಸಿತು. ಗಾಡಿಯನ್ನು ಅವನು ಮಗುವಿನ ಹಾಗೆ ನೋಡಿಕೊಂಡಿದ್ದ. ಪ್ರತಿ ವಾಟರ್ ಸರ್ವೀಸಿನ ನಂತರವೂ ಕಮಾನಿಗೆ ಹಳೇ ಇಂಜಿನ್ ಆಯಿಲ್ ಹೊಡೆಸುತ್ತಿದ್ದ, ಕಿರುಗುಟ್ಟಬಾರದೆಂದು. ಪಟ್ಟಿಗಳ ನಡುವಿನ ಉಜ್ಜಾಟಕ್ಕೆ ಎಣ್ಣೆ ಒಳ್ಳೆಯದೇ ಇರಬಹುದು. ರಬ್ಬರಿಗೆ ಅದು ವಿಷ. ಎಣ್ಣೆ ಕುಡಿದ ರಬ್ಬರು ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಕಡೆಗೆ ಕೊಳೆತ ಹಣ್ಣಿನಂತೆ ಕಿತ್ತು ಬರುತ್ತದೆ. ಬುಷ್ಷು ಹೋದ ಜಾಗದಲ್ಲಿ ಮಣ್ಣು ಕೂತು, ನೀರು ಕೂತು, ಕಬ್ಬಿಣ ಕಬ್ಬಿಣಕ್ಕೆ ತುಕ್ಕು ಹಿಡಿದು ಅಂಟಿಕೊಂಡಿತ್ತು. “ಪ್ರೀತಿ ಜಾಸ್ತಿಯಾಯ್ತು ನಿಂದು” ಎಂದು ಮೆಕ್ಯಾನಿಕ್ ನಕ್ಕ.

ಉದ್ದನೆಯ ಶ್ಯಾಕಲ್ಲಿನ ಆಸೆಯನ್ನೂ ಆತ ಬಿಡಿಸಿದ. ಎರಡಂಗುಲ ಉದ್ದ ಮಾಡಿದರೆ ಗಾಡಿಯ ಹಿಂಭಾಗ ಹತ್ತಿರ ಹತ್ತಿರ ಒಂದಂಗುಲ ಮೇಲೇಳುತ್ತದೆ; ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತದೆ; ಭಾರ ಹೊತ್ತ ಗಾಡಿ ತಿರುವಿನಲ್ಲಿ ವಾಲುತ್ತದೆ. ಕಂಪನಿ ಕೊಟ್ಟ ಅಳತೆಯದೇ ಸಾಕು ಎಂದ.

ಮುಂದಿನ ಚಕ್ರಗಳಿಗೆ ಅಡ್ಡ ಮರ ಕೊಟ್ಟು, ಚಾಸಿಯನ್ನು ಜಾಕಿನಿಂದ ಎತ್ತಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದರು. ಇಟ್ಟಿಗೆ ಕೊಡಲು ಬಂದ ಹುಡುಗನಿಗೆ ಬೈಗುಳ ಬಿತ್ತು. ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತದೆ, ಕೆಳಗೆ ಮನುಷ್ಯ ಇರುತ್ತಾನೆ. ಹಿಂದಿನ ಆಕ್ಸಲ್ಲಿಗೆ ಬೇರೆ ಜಾಕು ಕೊಟ್ಟು ಕಮಾನಿನ ಬಿಗಿ ಇಳಿಸಿದರು. ಎಡಗಡೆಯ ಬೋಲ್ಟು ಸುತ್ತಿಗೆಗೂ ಬಗ್ಗಲಿಲ್ಲ, ಗ್ಯಾಸಿನಿಂದ ಕತ್ತರಿಸಬೇಕಾಯಿತು. ಬಲಗಡೆಯದು ಅಷ್ಟು ಕೆಟ್ಟಿರಲಿಲ್ಲ, ಆದರೂ ಎರಡನ್ನೂ ಬದಲಿಸಿದರು. ಒಂದು ಕಾಲು ಗಟ್ಟಿ ಒಂದು ಕಾಲು ಕುಂಟಾದರೆ ನಡಿಗೆ ಚೆಂದವೆ? ಹೊಸ ಬುಷ್ಷನ್ನು ಸೋಪಿನ ನೀರು ಹಚ್ಚಿ ಕೂರಿಸಿದರು, ಎಣ್ಣೆಯ ಹನಿಯೂ ತಾಕದಂತೆ.

ಕೊನೆಯ ಕೆಲಸವೇ ಮುಖ್ಯ. ಬೋಲ್ಟುಗಳನ್ನು ಗಾಡಿ ಮೇಲಿದ್ದಾಗ ಪೂರ್ತಿ ಬಿಗಿಯಲಿಲ್ಲ. ನೆಲಕ್ಕಿಳಿಸಿ, ತನ್ನ ಭಾರ ತಾನು ಹೊತ್ತು ನಿಂತ ಮೇಲೆ ಬಿಗಿದರು. ಈ ಬುಷ್ಷು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ತೂಗುಬಿದ್ದ ಸ್ಥಿತಿಯಲ್ಲಿ ಬಿಗಿದರೆ ಗಾಡಿ ಸುಮ್ಮನೆ ನಿಂತಾಗಲೂ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ಮತ್ತೆ ಸೀಮೆಸುಣ್ಣದ ಗೆರೆ, ಮತ್ತೆ ಹುಡುಗರ ಕುಣಿತ. ಈ ಸಲ ಗೆರೆ ಎರಡು ತುಂಡಾಗಿ ಹಿಂದೆ ಮುಂದೆ ಆಡಿತು. ಖರ್ಚು, ಮೂರು ಸಲ ಬಾಡಿಗೆ ಕಾರು ಕರೆಸುವುದಕ್ಕಿಂತ ಕಡಿಮೆ.

ಪಿಕಪ್ಪು ಕಾರಾಗಲಿಲ್ಲ, ಆಗುವುದೂ ಇಲ್ಲ. ದೊಡ್ಡ ಹಳ್ಳ ಬಂದರೆ ಈಗಲೂ ಗೊತ್ತಾಗುತ್ತದೆ. ಆದರೆ ಮೊದಲಿನ ಆ ಕಲ್ಲೇಟು ಹೋಗಿತ್ತು. ಮುಂದಿನ ವಾರ ತಾಯಿಯನ್ನು ಪುಸಲಾಯಿಸಿ, ದಿಂಬು ಕೊಟ್ಟು ಕೂರಿಸಿದ. ಮಗ ಏನು ಮಾಡಿಸಿದ್ದಾನೆಂದು ಆಕೆಗೆ ಹೇಳಿರಲಿಲ್ಲ. ಹುಣಿಸೆಮರದ ಹಳ್ಳ ಬಂತು. ಆಕೆ ಅಭ್ಯಾಸದಂತೆ ಕಣ್ಣು ಮುಚ್ಚಿ ಹಿಡಿ ಬಿಗಿದರು. ಗಾಡಿ ಒಮ್ಮೆ ತೂಗಿ ಮುಂದೆ ಹೋಯಿತು. ಸ್ವಲ್ಪ ದೂರ ಹೋದ ಮೇಲೆ ಕಣ್ಣು ಬಿಟ್ಟು, ಹಿಂದಿರುಗಿ ನೋಡಲಾಗದೆ, ಪಕ್ಕದ ಕನ್ನಡಿಯಲ್ಲಿ ಇಣುಕಿದರು.

“ರೋಡು ಮಾಡಿಸಿದರೇನೋ?”

“ಹೂಂ ಕಣಮ್ಮ.”

ಆಕೆ ಹಿಡಿಯಿಂದ ಒಂದು ಕೈ ತೆಗೆದು ಸೆರಗು ಸರಿಮಾಡಿಕೊಂಡರು. “ಹಂಗಾದರೆ ಎಲೆಕ್ಷನ್ನು ಹತ್ತಿರ ಬಂತು ಅನ್ನು” ಎಂದರು.