ಹೊಟ್ಟೆ ಹೌಸ್‌ಫುಲ್, ಜೇಬು ಖಾಲಿ!

ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿದ್ದೀರಿ. ಕೈಯಲ್ಲಿ ಈ ಪತ್ರಿಕೆ. ಟಿಕೆಟ್ಟಿನ ದುಡ್ಡು ಬೇರೆ ಎತ್ತಿಟ್ಟ ಮೇಲೆ ಜೇಬಿನಲ್ಲಿ ಉಳಿದಿರೋದು ನೂರರ ಒಂದೇ ಒಂದು ನೋಟು. ಮ್ಯಾಟಿನಿಗೆ ಇನ್ನೂ ಎರಡು ತಾಸು. ಹೊಟ್ಟೆ ತಾಳ ಹಾಕುತ್ತಿದೆ. ಎಲ್ಲಿ ಉಣ್ಣೋದು?

ಈ ಪ್ರಶ್ನೆಗೆ ಉತ್ತರ ಹೇಳುವ ಅಧಿಕಾರ ನನಗುಂಟು ಸ್ವಾಮೀ. ಯಾಕಂದ್ರೆ ಈ ಊರಿಗೆ ನಾನು ಪಿ.ಯು.ಸಿ. ಓದೋಕೆ ಅಂತ ಬಂದು, ಓದೋದೊಂದು ಬಿಟ್ಟು ಉಳಿದದ್ದೆಲ್ಲಾ ಮಾಡಿದವನು!

ನನ್ನೂರು ನಂದೂರ. ಕಲಬುರಗಿಯಿಂದ ಸೈಕಲ್ ತುಳಿಯುವಷ್ಟೇ ದೂರ. ಕೈಗಾರಿಕಾ ಪ್ರದೇಶ ಅಂತ ಬೋರ್ಡು ಬಿದ್ದಮೇಲೆ ಹಳ್ಳಿಯೂ ಅಲ್ಲ, ಪ್ಯಾಟಿಯೂ ಅಲ್ಲ. ಅಪ್ಪ ಬೇಳೆ ಮಿಲ್ಲಿನಲ್ಲಿ ಹಮಾಲಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿತು ಅಂತ ಪೇಪರಿನವರು ಬರೆದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಚೀಲದ ವಜ್ಜಿ ಏನರ ಕಡಿಮಿ ಆಗ್ತದೇನೋ?"

2014ರ ಜೂನ್‌ನಲ್ಲಿ ನಾನು ಕಾಲೇಜು ಸೇರಿದಾಗ ಬಸ್ಸಿನ ಬೋರ್ಡಿನ ಮೇಲೆ ಗುಲಬರ್ಗಾ ಅಂತಿತ್ತು. ಅದೇ ವರ್ಷ ನವೆಂಬರ್ 1ಕ್ಕೆ ಕಲಬುರಗಿ ಆಯ್ತು. ಊರಿನ ಹೆಸರು ಬದಲಾಯಿತು, ನನ್ನ ಗಣಿತದ ಮಾರ್ಕು ಬದಲಾಗಲಿಲ್ಲ.

ಇದು ಹುಡುಗರ ಊರು. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿದ 1958ರಲ್ಲೇ ಇಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು, 1963ಕ್ಕೆ ಮೆಡಿಕಲ್ಲು, 1980ಕ್ಕೆ ವಿಶ್ವವಿದ್ಯಾಲಯ. ಈಗ ಆಳಂದ ದಾರಿಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಬೀದರ, ಯಾದಗಿರಿ, ರಾಯಚೂರು ಕಡೆಯಿಂದ ಟ್ರಂಕು, ಹಾಸಿಗೆ ಸುರುಳಿ ಹೊತ್ತು ಬರುವ ಹುಡುಗರೆಲ್ಲರ ಟ್ರಂಕಿನಲ್ಲೂ ಅವ್ವ ಕಟ್ಟಿದ ಖಡಕ್ ರೊಟ್ಟಿಯ ಗಂಟು ಇದ್ದೇ ಇರುತ್ತದೆ. ಆ ರೊಟ್ಟಿ ವಾರಗಟ್ಟಲೆ ಕೆಡೋದಿಲ್ಲ. ಆದರೆ ರೂಮಿನಲ್ಲಿ ನಾಲ್ಕು ಜನ ದೋಸ್ತರಿದ್ದರೆ ಮೂರನೇ ದಿನಕ್ಕೆ ಉಳಿಯೋದೂ ಇಲ್ಲ! ಆಮೇಲೆ ಖಾನಾವಳಿಯೇ ಗತಿ.

ಅದಕ್ಕೇ ಮೊದಲ ಮಾತು ರೊಟ್ಟಿ ಖಾನಾವಳಿಯದು. ದೊಡ್ಡ ಬೋರ್ಡು, ಗಾಜಿನ ಬಾಗಿಲು ಇರುವಲ್ಲಿ ಹೋಗಬೇಡಿ. ಸೂಪರ್ ಮಾರ್ಕೆಟ್ಟಿನ ಗದ್ದಲದಿಂದ ಒಳಕ್ಕೆ ಹೋಗುವ ಸಂದಿಗಳಲ್ಲಿ ನಿಂತು ಸುಮ್ಮನೆ ಕಿವಿಗೊಡಿ. ಪಟ ಪಟ ಪಟ ಅಂತ ರೊಟ್ಟಿ ಬಡಿಯುವ ಸಪ್ಪಳ ಕೇಳಿದ ಕಡೆ ನುಗ್ಗಿ. ಒಲೆಯ ಮುಂದೆ ಕೂತ ಹೆಣ್ಣುಮಕ್ಕಳ ಕೈ ನೋಡಬೇಕು ನೀವು. ನಮ್ಮ ಸಿನಿಮಾದ ಯಾವ ಫೈಟ್ ಮಾಸ್ಟರ್‌ಗೂ ಆ ಟೈಮಿಂಗ್ ಇಲ್ಲ. ತಾಟಿನಲ್ಲಿ ಬಿಸಿ ಜೋಳದ ರೊಟ್ಟಿ ಎರಡು, ಪುಂಡಿ ಪಲ್ಲೆ, ಎಣ್ಣೆಗಾಯಿ ಬದನಿಕಾಯಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಆಮೇಲೆ ಅನ್ನ, ತೊಗರಿ ಬ್ಯಾಳಿ. ಕಡೆಗೆ ಮಜ್ಜಿಗಿ. 1974ರ 'ಭೂತಯ್ಯನ ಮಗ ಅಯ್ಯು' ಚಿತ್ರದಲ್ಲಿ ಉಪ್ಪಿನಕಾಯಿ ಕಂಡರೆ ಬಾಯಿ ಬಿಡುವ ಲೋಕನಾಥ್ ಅವರನ್ನು ನೋಡಿ ನಕ್ಕವರು ಇಲ್ಲಿ ಬಂದು ಪುಂಡಿ ಪಲ್ಲೆಯ ಮುಂದೆ ಕೂತು ನೋಡಲಿ. ನಗು ಎಲ್ಲಿ ಹೋಯ್ತು ಅಂತ ಹುಡುಕಬೇಕಾಗುತ್ತದೆ.

ಅಗ್ಗದ ಹೋಟೆಲು ಅಂದರೆ ರೇಟು ಕಡಿಮೆ ಇರೋದು ಅಂತ ಬಹಳ ಜನ ತಿಳಿದಿದ್ದಾರೆ. ತಪ್ಪು. ಮೂರನೇ ರೊಟ್ಟಿ ಕೇಳಿದಾಗ ಬಡಿಸುವವರ ಮುಖ ನೋಡಿ. ಅಲ್ಲಿದೆ ನಿಜವಾದ ರೇಟು! ಹೊಸ ಪದ್ಧತಿಯ ಕೆಲವು ಕಡೆ 'ಎಕ್ಸ್‌ಟ್ರಾ ರೊಟ್ಟಿಗೆ ಬೇರೆ ಚಾರ್ಜು' ಅಂತ ಗೋಡೆಗೆ ಬರೆದಿರುತ್ತಾರೆ. ಅಲ್ಲಿ ಉಂಡು ಎದ್ದರೂ ಹೊಟ್ಟೆ ತುಂಬೋದಿಲ್ಲ, ಮನಸ್ಸಂತೂ ತುಂಬೋದೇ ಇಲ್ಲ.

ಇನ್ನು ಮಾಂಸ ತಿನ್ನುವ ದೋಸ್ತರಿಗೆ ತಹರಿ. ಹೈದರಾಬಾದಿನವರು ಬಿರಿಯಾನಿ ಅಂತ ಎಷ್ಟೇ ಎದೆ ಉಬ್ಬಿಸಲಿ, ಕಲಬುರಗಿಯ ಹೀರೋ ತಹರಿಯೇ. ಬಿರಿಯಾನಿಯಲ್ಲಿ ಅಕ್ಕಿ ಒಂದು ಪದರ, ಮಾಂಸ ಒಂದು ಪದರ. ತಹರಿಯಲ್ಲಿ ಆ ಮಡಿವಂತಿಕೆ ಇಲ್ಲ. ಮಸಾಲೆ, ಮಾಂಸ, ಅಕ್ಕಿ ಎಲ್ಲಾ ಒಂದೇ ಹಂಡೆಯಲ್ಲಿ ಕೂಡಿ ಬೇಯುತ್ತವೆ. ಖ್ವಾಜಾ ಬಂದೇ ನವಾಜ್ ದರ್ಗಾದ ಕಡೆ, ಮುಸ್ಲಿಂ ಚೌಕದ ಕಡೆ ಬೆಳಗ್ಗೆಯೇ ಹೋಗಬೇಕು. ಹೊತ್ತೇರಿಸಿಕೊಂಡು ಹೋದರೆ ಹಂಡೆಯ ತಳ ಕೆರೆಯುವ ಸಪ್ಪಳ ಮಾತ್ರ. ನನ್ನ ಕ್ಲಾಸಿನ ಒಬ್ಬ ಲಿಂಗಾಯತರ ಹುಡುಗ ಮೂರು ತಿಂಗಳು ದಿನಾ ನನ್ನ ಜತೆ ಬಂದು, ಬೆಂಚಿನ ತುದಿಗೆ ಕೂತು ಬರೀ ಚಹಾ ಕುಡಿದು, ವಾಸನೆಯಲ್ಲೇ ತೃಪ್ತಿಪಟ್ಟುಕೊಂಡ. ನಾಲ್ಕನೇ ತಿಂಗಳ ಕಥೆ ಬರೆಯಬಾರದು ಅಂತ ಮಾತು ಕೊಟ್ಟಿದ್ದೇನೆ.

ಇಂದಿರಾ ಕ್ಯಾಂಟೀನು ನಮ್ಮ ಕಾಲಕ್ಕೆ ಇರಲಿಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಆಮೇಲೆ ಇಲ್ಲಿಗೂ ಬಂತು. ಐದು ರೂಪಾಯಿಗೆ ನಾಷ್ಟಾ, ಹತ್ತಕ್ಕೆ ಊಟ ಅಂತ ಶುರು ಮಾಡಿದರು. ನಿಂತು ಉಣ್ಣಬೇಕು, ಪಾಳಿ ಹಚ್ಚಬೇಕು. ಆದರೆ ಯಾರೂ ನಿಮ್ಮ ಹೆಸರು, ಊರು, ಮನೆತನ ಕೇಳೋದಿಲ್ಲ. ಜೋಳದ ಊರಿನ ಹುಡುಗನಿಗೆ ಬರೀ ಅನ್ನದ ಊಟ ಸಂಜೆತನಕ ನಿಲ್ಲೋದಿಲ್ಲ ಅನ್ನೋದೊಂದೇ ನನ್ನ ತಕರಾರು.

ಏನೂ ಇಲ್ಲದ ದಿನಕ್ಕೆ ಶರಣಬಸವೇಶ್ವರ ಗುಡಿಯ ದಾಸೋಹ. ನೂರಾರು ವರ್ಷದಿಂದ ಹಸಿದು ಬಂದವರಿಗೆ ಅನ್ನ ಹಾಕುವ ಪದ್ಧತಿ ಅದು. ನಾನು ಮೊದಲ ಸಲ ಹೋದಾಗ ಪರಿಚಯದವರು ಯಾರಾದರೂ ಇದ್ದಾರಾ ಅಂತ ಅಪ್ಪನ ಕೆರೆಯ ದಂಡೆಯಲ್ಲೇ ಅರ್ಧ ತಾಸು ಅಡ್ಡಾಡಿದೆ. ಒಳಗೆ ಹೋಗಿ ಕೂತರೆ, ಪಕ್ಕದಲ್ಲಿ ನಮ್ಮ ಕಾಲೇಜಿನ ಟಾಪರ್! ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಇಬ್ಬರೂ ಎರಡೆರಡು ಸಲ ನೀಡಿಸಿಕೊಂಡೆವು.

ಸಂಜೆ ಮಿರ್ಚಿ ಭಜಿ, ಚುರುಮುರಿ ಸುಸಲಾ. ಬಂಡಿಯವರು ಗಾಂಧಿ ಬಜಾರ್ ಥರ ಸ್ಟೈಲು ಮಾಡೋದಿಲ್ಲ, ಹಳೇ ಪೇಪರಿನಲ್ಲಿ ಕಟ್ಟಿಕೊಡುತ್ತಾರೆ. (ಎಷ್ಟೋ ಸಲ ನಾನು ಬರೆದ ಲೇಖನವೇ ಎಣ್ಣೆಯಲ್ಲಿ ಮಿಂದು ಕೈಗೆ ಬಂದದ್ದುಂಟು!) ಇಂಟರ್‌ವಲ್‌ನಲ್ಲಿ ಮಲ್ಟಿಪ್ಲೆಕ್ಸಿನ ಪಾಪ್‌ಕಾರ್ನಿಗೆ ಕೊಡುವ ದುಡ್ಡಿಗೆ ಹೊರಗೆ ಒಂದು ಬಂಡಿ ಭಜಿ ಬರುತ್ತದೆ. ಬೀದರ ಕಡೆಯ ಬಸ್ಸು ಹತ್ತುವವರು ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೇಳಿ ನೋಡಿ. ಅದಕ್ಕೂ ಜಿ.ಐ. ಉಂಟು. ಬೆಲೆ ಸ್ವಲ್ಪ ಜಾಸ್ತಿ, ಆದರೆ ಎರಡು ತಿಂದರೆ ಹುಮನಾಬಾದ್ ತನಕ ಹಸಿವಿನ ಸುದ್ದಿ ಇಲ್ಲ.

ಈಗ ಒಂದು ಸಂಗತಿ ಒಪ್ಪಿಕೊಳ್ಳಬೇಕು.

ಓದು ಯಾಕೆ ಬಿಟ್ಟೆ ಅಂತ ಯಾರಾದರೂ ಕೇಳಿದರೆ "ಬಡತನ" ಅಂತ ಹೇಳಿಕೊಂಡೇ ಬಂದಿದ್ದೇನೆ. ಒಳ್ಳೇ ಡೈಲಾಗು, ಎದುರಿನವರ ಕಣ್ಣು ತೇವ ಆಗುತ್ತದೆ. ನಿಜ ಏನಂದ್ರೆ ಅಪ್ಪ ಪ್ರತಿ ಸೋಮವಾರ ಊಟದ ದುಡ್ಡು ಎಣಿಸಿ ಕೊಡುತ್ತಿದ್ದ. ಅದೇ 2014ರ ಡಿಸೆಂಬರ್ 25ಕ್ಕೆ 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ' ಬಂತು. ನಾಲ್ಕು ಸಲ ನೋಡಿದೆ, ಅದರಲ್ಲಿ ಎರಡು ಸಲ ಬಾಲ್ಕನಿ! ಯಶ್ ಸಿಗರೇಟು ಹಚ್ಚಿದರೆ ನಾನು ಸೀಟಿ ಹೊಡೆಯುತ್ತಿದ್ದೆ. ಆ ಬಾಲ್ಕನಿಯ ದುಡ್ಡು ಬೇಳೆ ಚೀಲ ಹೊತ್ತ ಬೆನ್ನಿನದು ಅನ್ನೋದು ಆಗ ತಲೆಗೆ ಹೋಗಲಿಲ್ಲ.

ಊಟಕ್ಕೆ? ಉದ್ರಿ. ಒಂದು ಸಂದಿಯ ಖಾನಾವಳಿ. ನಡೆಸುತ್ತಿದ್ದವಳನ್ನು ನಾವೆಲ್ಲ ಅಕ್ಕಾ ಅಂತಿದ್ದೆವು. ಬಾಗಿಲಲ್ಲಿ ಹಿಂದೆ ಮುಂದೆ ನೋಡುತ್ತ ನಿಂತರೆ, "ಯಾಕೋ ತಮ್ಮಾ, ಮಾರಿ ಬಾಡ್ಯದಲ್ಲ, ಉಂಡಿಲ್ಲೇನು? ಬಾ ಕುಂದ್ರು. ರೊಕ್ಕ ಎಲ್ಲಿ ಓಡಿ ಹೋಗ್ತದ?" ಅನ್ನೋಳು. ರೊಕ್ಕ ಓಡಿ ಹೋಗಲಿಲ್ಲ, ನಾನು ಓಡಿ ಹೋದೆ. ಆಗ ಊಟಕ್ಕೆ ನಲವತ್ತು. ಹದಿನಾರು ಊಟ, ಆರು ನೂರಾ ನಲವತ್ತು ರೂಪಾಯಿ. ವಾರ್ಷಿಕ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಕಾಲೇಜಿಗೆ ಕೈ ಮುಗಿದ ಮೇಲೆ ಆ ಸಂದಿಗೆ ಕಾಲಿಡಲಿಲ್ಲ. ಸೂಪರ್ ಮಾರ್ಕೆಟ್ಟಿಗೆ ಹೋದರೂ ಬಳಸು ದಾರಿ ಹಿಡಿಯುತ್ತಿದ್ದೆ. ಹಳೇ ಸಿನಿಮಾದ ತಪ್ಪಿಸಿಕೊಂಡ ಕೈದಿಯ ಹಾಗೆ!

ಅಗ್ಗದ ಊಟದ ಮೇಲೆ ಒಂದು ಲೇಖನ ಬರೀರಿ ಅಂತ ಸಂಪಾದಕರು ಹೇಳಿದಾಗ ಎದೆ ಝಲ್ ಅಂತು. ಈ ಊರಿನಲ್ಲಿ ಅದಕ್ಕಿಂತ ಅಗ್ಗದ ಊಟ ನಾನು ಉಂಡಿಲ್ಲ. ಅದನ್ನು ಬಿಟ್ಟು ಹೇಗೆ ಬರೆಯೋದು?

ಹೋದ ಗುರುವಾರ ಮಧ್ಯಾಹ್ನ ಹೋದೆ. ಸಂದಿ ಅದೇ, ಬೆಂಚು ಅದೇ. ಕಟ್ಟಿಗೆ ಒಲೆಯ ಜಾಗದಲ್ಲಿ ಗ್ಯಾಸು. ರೊಟ್ಟಿ ಬಡಿಯೋಕೆ ಇಬ್ಬರು ಹೊಸಬರು. ಅಕ್ಕ ಗಲ್ಲಾದ ಮೇಲೆ, ಕಣ್ಣಿಗೆ ದಪ್ಪ ಚಷ್ಮಾ. ಗುರುತು ಹಿಡಿಯಲಿಲ್ಲ. ಉಂಡೆ. ನಾಲ್ಕು ರೊಟ್ಟಿ. ಮೂರನೆಯದನ್ನು ನಾನು ಕೇಳುವ ಮೊದಲೇ ಹಾಕಿದರು. ಎದ್ದು ಕೈ ತೊಳೆದು ಗಲ್ಲಾದ ಮೇಲೆ ಆರು ನೂರಾ ನಲವತ್ತು ಎಣಿಸಿ ಇಟ್ಟೆ.

"ಏನಪಾ ಇದು?"

"ಹಳೇ ಉದ್ರಿ ಅಕ್ಕಾ. ನಂದೂರ ಹುಡುಗ. ಹನ್ನೊಂದು ವರ್ಷದ ಹಿಂದಿಂದು."

ಚಷ್ಮಾ ಮೇಲಕ್ಕೆತ್ತಿ ಬಹಳ ಹೊತ್ತು ನೋಡಿದಳು. "ಪ್ರತಿ ಯುಗಾದಿಗೆ ಹೊಸಾ ವಹಿ ಮಾಡ್ತೀನಿ ತಮ್ಮಾ. ಹಳೇದು ಒಲಿಗಿ ಹಾಕ್ತೀನಿ. ಭಾಳ ಮಂದಿ ಹುಡುಗರು ಬಂದು ಹೋಗ್ಯಾರ. ನೀ ಯಾರೋ ನನಗ ನೆಪ್ಪಿಲ್ಲ."

ನಾನು ನೋಟುಗಳನ್ನು ವಾಪಸು ತೆಗೆದುಕೊಳ್ಳಲಿಲ್ಲ. ಅವಳೂ ವಾಪಸು ಕೊಡಲಿಲ್ಲ. ಎಂಜಲು ಹಚ್ಚಿಕೊಂಡು ಒಂದೊಂದಾಗಿ ಎಣಿಸಿದಳು, ಗಲ್ಲಾದೊಳಗೆ ಹಾಕಿದಳು. ನಾನು ಚಪ್ಪಲಿ ಮೆಟ್ಟಿ ಹೊರಟೆ. ಬಾಗಿಲು ದಾಟುವಾಗ ಹಿಂದಿನಿಂದ ಕೂಗು:

"ತಮ್ಮಾ, ಇದು ಹಳೇದಾಯ್ತು. ಇವತ್ತಿಂದು ಎಂಬತ್ತು ಬ್ಯಾರೆ!"