ಕುಂತಿಬೆಟ್ಟಕ್ಕೆ ಹೊರಟ ಹುಡುಗೀರಿಗೆ

ಮಂಡ್ಯ, ಮದ್ದೂರು ಕಡೆಯಿಂದ ಪಾಂಡವಪುರದ ಕುಂತಿಬೆಟ್ಟ ಹತ್ತೋಕೆ ಹೊರಟಿದ್ದೀರಾ? ಚೀಲಕ್ಕೆ ಮೊದಲು ಪ್ಯಾಡ್ ಹಾಕ್ಕೊಳ್ಳಿ. ನಿಮ್ಮ ದಿನ ದೂರ ಇದ್ರೂ ಜೊತೆಯವಳಿಗೆ ಬೇಕಾದೀತು. ಬಳಸಿದ್ದನ್ನ ಸುತ್ತಿ ವಾಪಸ್ ತರೋಕೆ ಹಳೇ ಪೇಪರು, ಒಂದು ಕವರ್ರೂ ಇರಲಿ.

ಬೆಟ್ಟದ ಮೇಲೆ ಶೌಚಾಲಯ ಸಿಗಲ್ಲ ಅಂತ ನೀರೇ ಕುಡಿಯದೆ ಹತ್ತೋ ಹೆಣ್ಣುಮಕ್ಕಳು ಎಷ್ಟೋ ಜನ. ದಯವಿಟ್ಟು ಹಾಗೆ ಮಾಡಬೇಡಿ, ಬಿಸಿಲಿಗೆ ಬಂಡೆ ಕಾದಾಗ ತಲೆ ಸುತ್ತುತ್ತೆ. ಎರಡು ಲೀಟರ್ ನೀರು ಹೊರಲೇಬೇಕು. ಹತ್ತೋಕೆ ಮುಂಚೆ ಪಾಂಡವಪುರದಲ್ಲೇ ಶೌಚಾಲಯಕ್ಕೆ ಹೋಗಿಬನ್ನಿ.

ತಿನ್ನೋಕೆ ಮದ್ದೂರು ವಡೆ, ಬೇಗ ಹಳಸಲ್ಲ. ಹಿಡಿತ ಇರೋ ಶೂ, ಟಾರ್ಚು. ಉದ್ದ ದುಪಟ್ಟಾ ಬೇಡ, ಗಿಡಗಂಟಿಗೆ ಸಿಕ್ಕಿಕೊಳ್ಳುತ್ತೆ.

ಕುಂತಿಬೆಟ್ಟದ ಬದಲು ಮಳವಳ್ಳಿಯಿಂದ ಮುತ್ತತ್ತಿ ಕಾಡಿನ ಕಡೆ ಹೋಗೋರು ನೀರಿಗಿಳಿಯೋ ಬಟ್ಟೆ ತರಲೇಬೇಡಿ. ಅಲ್ಲಿ ಕಾವೇರಿಯ ಸುಳಿ ದಡದಲ್ಲಿ ನಿಂತವರಿಗೆ ಕಾಣಲ್ಲ.