ನೀಲಗಿರಿಯಿಂದ ತಂದ ಗಡ್ಡೆ

ನಾವು ಮಾಡಿದ ಒಂದು ತಪ್ಪನ್ನು ಓದುಗ ಬಂಧುಗಳ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

2018ರ ಆಗಸ್ಟಿನಲ್ಲಿ ಭಕ್ತರ ಬಿನ್ನಹದ ಮೇರೆಗೆ ನೀಲಗಿರಿಯ ಕೋಟಗಿರಿ ಬಳಿಯ ಬಡಗರ ಹಟ್ಟಿಯೊಂದಕ್ಕೆ ಹೋಗಿದ್ದೆವು. ಅಲ್ಲಿಯ ಹುಲ್ಲಿನ ಇಳಿಜಾರಿನಲ್ಲಿ, ಸೊಂಟದೆತ್ತರದ ಕಾಂಡದ ತುದಿಯಲ್ಲಿ, ಗೇಣುದ್ದದ ಬಿಳಿಯ ಕಹಳೆಯಂತಹ ಹೂವೊಂದು ಅರಳಿ ನಿಂತಿತ್ತು. ಜೊತೆಯವರು ಅದನ್ನು ನಮ್ಮ ಕಡೆಯ ವಿಷಮುಂಗಲಿಯೆಂದು ಭಾವಿಸಿದರು. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರವನ್ನು ಓದಿದ ನಮಗೆ ವಿವರಿಸುವ ಉತ್ಸಾಹ ಬಂತು. ವಿಷಮುಂಗಲಿಯ ಎಲೆಗಳು ಬುಡದಿಂದಲೇ ಹೊರಡುತ್ತವೆ. ಇದರ ಎಲೆಗಳು ಕಾಂಡದುದ್ದಕ್ಕೂ ಇದ್ದವು. ಅದರ ಅಂಡಾಶಯವು ಎಸಳುಗಳ ಕೆಳಗಿರುತ್ತದೆ. ಇದರದು ಎಸಳುಗಳ ಒಳಗೆ ಅಡಗಿತ್ತು. ಇದು ನೀಲಗಿರಿ ಲಿಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ವೈಟ್ ಎಂಬ ಸಸ್ಯಶಾಸ್ತ್ರಜ್ಞರು ಇದಕ್ಕೆ ಶಾಸ್ತ್ರೀಯ ನಾಮವಿತ್ತರು. ಲಿಲಿಯ ನಿಜಕುಲಕ್ಕೆ ಸೇರಿದ ಜಾತಿಗಳಲ್ಲಿ ಜಗತ್ತಿನಲ್ಲಿಯೇ ತೀರ ದಕ್ಷಿಣಕ್ಕೆ ನೆಲೆಸಿರುವುದು ಇದೇ.

ಗುರುತು ಅಲ್ಲಿಗೆ ಪೂರ್ಣವಾಗಿತ್ತು; ನೆಲವನ್ನು ಅಗೆಯುವ ಅಗತ್ಯವೇ ಇರಲಿಲ್ಲ. ಆದರೂ ಪೂಜೆಗೆ ಒದಗೀತೆಂಬ ನೆವದಿಂದ ಅಗೆಸಿದೆವು. ಈರುಳ್ಳಿಗಿರುವಂತೆ ತೆಳುವಾದ ಹೊರಸಿಪ್ಪೆಯಿಲ್ಲದ, ಬಿಳಿಯ ದಪ್ಪ ಪಕಳೆಗಳು ಒಂದರ ಮೇಲೊಂದು ಹೊದ್ದ ಗಡ್ಡೆ ಅದು. ಮಠದ ತೋಟದ ಎರೆಮಣ್ಣಿನಲ್ಲಿ ಅದನ್ನು ನೆಟ್ಟು, ಶ್ರದ್ಧೆಯೆಂದು ಬಗೆದು ದಿನವೂ ನೀರೆರೆದೆವು. ನೀರು ಬಸಿದುಹೋಗದ ಮಣ್ಣು, ಬಯಲುಸೀಮೆಯ ಬೇಗೆ: ಯುಗಾದಿಯ ವೇಳೆಗೆ ಗಡ್ಡೆ ಕೊಳೆತುಹೋಗಿತ್ತು.

ಆ ಬೆಟ್ಟಗಳ ಹುಲ್ಲುಗಾವಲನ್ನು ಚಹದ ತೋಟಗಳೂ, ವಾಟಲ್ ಮರಗಳೂ, ಬೆಟ್ಟದ ಹೆಸರನ್ನೇ ಹೊತ್ತು ನಮ್ಮಲ್ಲಿ ‘ನೀಲಗಿರಿ’ ಎನಿಸಿಕೊಂಡಿರುವ ಪರದೇಶದ ಮರಗಳೂ ಬಹಳಮಟ್ಟಿಗೆ ಆಕ್ರಮಿಸಿವೆ. ಉಳಿದುದರಲ್ಲಿ ಒಂದನ್ನು ನಮ್ಮ ಕೈಯಾರೆ ಕಳೆದೆವಲ್ಲಾ ಎಂಬ ಸಂಕಟ ಬಹುಕಾಲ ಉಳಿಯಿತು.

2023ರ ಜನವರಿಯಲ್ಲಿ ಪುನಃ ಅಲ್ಲಿಗೆ ಹೋದಾಗ, ಆ ಹಟ್ಟಿಯ ವೃದ್ಧ ತಾಯಿಯೊಬ್ಬರೊಡನೆ ನಡೆದುದನ್ನೆಲ್ಲ ಹೇಳಿದೆವು. ಆಕೆ ಮರುನುಡಿಯದೆ ಇಳಿಜಾರಿಗೆ ಕರೆದೊಯ್ದು, ಒಣಗಿ ಬಿರಿದ ಒಂದು ಕಾಯನ್ನು ನಮ್ಮ ಅಂಗೈಯಲ್ಲಿಟ್ಟರು. ಒಳಗೆ ಕಾಗದದಂತೆ ತೆಳುವಾದ ಚಪ್ಪಟೆ ಬೀಜಗಳು. ಅವುಗಳಲ್ಲಿ ಹೆಚ್ಚಿನ ಪಾಲನ್ನು ಅಲ್ಲಿಯೇ ಹುಲ್ಲಿನ ನಡುವೆ ಚೆಲ್ಲಿದೆವು. ಕೆಲವನ್ನು ಮಾತ್ರ ಮರಳು, ಎಲೆಗೊಬ್ಬರ ಬೆರೆಸಿದ ಕುಂಡದಲ್ಲಿ ಬಿತ್ತಿ, ಆ ತಾಯಿಯ ಅಂಗಳದಲ್ಲೇ ಇರಿಸಿದೆವು. ಮೊದಲು ಮೂಡಿದುದು ಗರಿಕೆಯೆಸಳಿನಂತಹ ಒಂದೊಂದೇ ಎಲೆ. ಕಳೆಯೆಂದು ಕೀಳದಂತೆ ಆಕೆ ಮೊಮ್ಮಕ್ಕಳನ್ನು ಎಚ್ಚರಿಸಬೇಕಾಯಿತಂತೆ.

ಮೂರು ಮಳೆಗಾಲಗಳು ಕಳೆದಿವೆ. ಹೂವು ಇನ್ನೂ ಬಂದಿಲ್ಲ. ಕುಂಡವನ್ನು ಮಠಕ್ಕೆ ತರಿಸೋಣವೇ ಎಂದು ಶಿಷ್ಯರು ಕೇಳುತ್ತಾರೆ. ಬೇಡವೆಂದಿದ್ದೇವೆ. ಅದು ಅರಳಿದ ದಿನ ನಾವೇ ಬೆಟ್ಟ ಹತ್ತಿ ಹೋಗಿ ನೋಡಿ ಬರುತ್ತೇವೆ.